ನಮ್ಮ ಬೀದಿಯ ಕಳವಿನ ಲೆಕ್ಕ ಇಟ್ಟ ಬಗೆ

ಮೈಸೂರಿನ ಯಾವ ಬಡಾವಣೆ ಸೇಫು ಎಂದು ಮನೆ ಹುಡುಕುವವರೆಲ್ಲ ಕೇಳುತ್ತಾರೆ. ಅಪರಾಧ ದರದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಲೆಕ್ಕ ಹಾಕುವುದು ಒಂದು ಲಕ್ಷ ಜನಕ್ಕೆ ಎಷ್ಟು ಪ್ರಕರಣ ಎಂದು. ಅದರ ಮಹಾನಗರಗಳ ಪಟ್ಟಿ 20 ಲಕ್ಷ ಜನಸಂಖ್ಯೆ ದಾಟಿದ ಊರುಗಳದ್ದು, ಹಾಗಾಗಿ ಅದರಲ್ಲಿ ಬೆಂಗಳೂರಿದೆ, ಮೈಸೂರಿಲ್ಲ. ಇದೇ ಲೆಕ್ಕವನ್ನು ಒಂದು ಬೀದಿಗೆ ಇಳಿಸಿ ನೋಡಿ: ನೂರು ಮನೆ, ನಾನೂರು ಜನ, ವರ್ಷಕ್ಕೆ ಒಂದು ಕಳವಾದರೆ ದರ 250. ಎರಡಾದರೆ 500. ಒಂದೇ ಒಂದು ಮನೆಯ ಬೀಗ ಮುರಿದದ್ದಕ್ಕೆ ದರ ಇಮ್ಮಡಿಯಾಯಿತು! ಜೊತೆಗೆ, ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಎಲ್ಲಕ್ಕಿಂತ ಗಂಭೀರವಾದದ್ದು ಮಾತ್ರ ಎಣಿಕೆಗೆ ಬರುತ್ತದೆ. ಬೀದಿಯ ಮಟ್ಟದಲ್ಲಿ ಕೆಲಸಕ್ಕೆ ಬರುವುದು ಎಷ್ಟು ಎಂಬುದಲ್ಲ. ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಎಂಬುದು.

ಅದಕ್ಕೆ ನಾವು ಇಟ್ಟದ್ದು ಒಂದು ಲಾಂಗ್ ಬುಕ್. ದಿನಾಂಕ, ಕೊನೆಯ ಬಾರಿ ಸರಿಯಿದ್ದದ್ದನ್ನು ಕಂಡ ಸಮಯ, ಕಳವು ಗೊತ್ತಾದ ಸಮಯ, ಒಳಬಂದ ದಿಕ್ಕು, ಮುರಿದದ್ದು ಏನು, ಹತ್ತಿರದ ಕಂಬದ ದೀಪ ಉರಿಯುತ್ತಿತ್ತೇ, ಎಫ್‌ಐಆರ್ ಸಂಖ್ಯೆ. ಸಮಯಕ್ಕೆ ಎರಡು ಕಾಲಂ ಬೇಕೇ ಬೇಕು. ಬೆಳಿಗ್ಗೆ ಆರಕ್ಕೆ ನೋಡಿದೆವು ಎಂದರೆ ಆರಕ್ಕೆ ಕಳವಾಯಿತು ಎಂದಲ್ಲ. ಕೈಗೂಡದ ಪ್ರಯತ್ನಗಳನ್ನೂ, ಅಂದರೆ ಬಗ್ಗಿದ ಚಿಲಕ, ಕಿಟಕಿ ಚೌಕಟ್ಟಿನ ಮೇಲಿನ ರಾಡಿನ ಗುರುತು, ಎಲ್ಲವನ್ನೂ ಬರೆಯಬೇಕು. ಕಳವಿಗಿಂತ ಇವೇ ಹೆಚ್ಚು ಹೇಳುತ್ತವೆ. ಬಡಾವಣೆಯ ನಕ್ಷೆಯ ಮೇಲೆ ಮನೆಗಳವಿಗೆ ಕೆಂಪು ಚುಕ್ಕೆ, ಸರಗಳ್ಳತನಕ್ಕೆ ನೀಲಿ ಚುಕ್ಕೆ ಇಟ್ಟರೆ ಚಿತ್ರ ತಾನಾಗಿ ಮೂಡುತ್ತದೆ. ಕೆಂಪು ಚುಕ್ಕೆಗಳು ಖಾಲಿ ಸೈಟಿನ ಪಕ್ಕದಲ್ಲಿ, ಹಳೆಯ ಬಡಾವಣೆಗಳಾದರೆ ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಯ (ಕಸ, ಚರಂಡಿ ಕೆಲಸಕ್ಕೆ ಬಿಟ್ಟ ಓಣಿಯ) ಉದ್ದಕ್ಕೆ. ನೀಲಿ ಚುಕ್ಕೆಗಳು ಬೈಕು ನಿಲ್ಲದೆ ದೊಡ್ಡ ರಸ್ತೆ ಸೇರಬಹುದಾದ ತಿರುವುಗಳಲ್ಲಿ, ರಂಗೋಲಿ ಹಾಕುವ ಮತ್ತು ವಾಕಿಂಗ್ ಹೋಗುವ ಹೊತ್ತಿನಲ್ಲಿ.

‘ಯಾರ ಮೇಲೆ ಅನುಮಾನ’ ಎಂಬ ಕಾಲಂ ಬೇಡ. ಅದನ್ನು ಇಟ್ಟ ದಿನವೇ ಪುಸ್ತಕ ಚಿಂದಿ ಆಯುವವರ, ಡೆಲಿವರಿ ಹುಡುಗರ, ಕಟ್ಟಡ ಕೆಲಸಕ್ಕೆ ಬಂದವರ ಮೇಲಿನ ದೂರುಪಟ್ಟಿಯಾಗುತ್ತದೆ. ಬಡವರಿಗೆ ಆಗುವ ಅನ್ಯಾಯ ಒಂದು ಕಡೆ, ನಿಜವಾದ ಸುಳಿವು ಕಣ್ತಪ್ಪುವುದು ಇನ್ನೊಂದು ಕಡೆ.

ದೀಪಗಳ ಕೆಲಸ ಸುಲಭ, ಖರ್ಚೂ ಇಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಸುತ್ತು ನಡೆದು ಆರಿದ ಕಂಬಗಳ ಸಂಖ್ಯೆ ಬರೆದುಕೊಂಡು ಲಿಖಿತ ದೂರು ಕೊಡುವುದು. ‘ನಮ್ಮ ರಸ್ತೆ ಕತ್ತಲು’ ಎಂದರೆ ಯಾರೂ ಬರುವುದಿಲ್ಲ, ಕಂಬದ ಸಂಖ್ಯೆ ಇದ್ದರೆ ಬರುತ್ತಾರೆ. ದೂರು ಹೋಗಬೇಕಾದದ್ದು ವಿದ್ಯುತ್ ಕಂಪನಿ ಸೆಸ್ಕ್‌ಗಲ್ಲ, ಸ್ಥಳೀಯ ಸಂಸ್ಥೆಗೆ. ಬೋಗಾದಿ, ಹೂಟಗಳ್ಳಿ ಕಡೆಯವರು ಮೊದಲು ತಮ್ಮ ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿದೆಯೇ ನೋಡಿಕೊಳ್ಳಲಿ. ಎಷ್ಟೋ ಕಡೆ ದೀಪ ಉರಿಯುತ್ತಲೇ ಇರುತ್ತದೆ, ಹೊಂಗೆಯ ಕೊಂಬೆ ಬೆಳಕನ್ನು ನುಂಗಿರುತ್ತದೆ. ಮರ ಕಡಿಯುವುದು ಬೇಡ, ದೀಪಕ್ಕಿಂತ ಕೆಳಗಿನ ಕೊಂಬೆ ಸವರಿದರೆ ಸಾಕು.

ಕ್ಯಾಮೆರಾದಲ್ಲಿ ಜನ ಹೆಚ್ಚು ದುಡ್ಡು ಕಳೆಯುತ್ತಾರೆ. ಅಪರಿಚಿತನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು, ಪರಿಚಿತನಾದರೆ 125 ಸಾಕು. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದು 40 ಅಡಿ ರಸ್ತೆಯನ್ನು ಅಂಚಿನಿಂದ ಅಂಚಿಗೆ ತೋರಿಸಿದರೆ ಮೀಟರಿಗೆ ಸುಮಾರು 160 ಪಿಕ್ಸೆಲ್ ಸಿಗುತ್ತದೆ. ಪಕ್ಕದ ಮನೆಯವರ ಗುರುತು ಸಿಗುತ್ತದೆ, ಕಳ್ಳನದು ಸಿಗುವುದಿಲ್ಲ. ಆದ್ದರಿಂದ ಬೀದಿ ಪೂರ್ತಿ ಕಾಣುವ ಒಂದು ಕ್ಯಾಮೆರಾ, ತಿರುವಿನಲ್ಲಿ 12 ಮಿ.ಮೀ. ಲೆನ್ಸಿನ ಇನ್ನೊಂದು. ಎರಡನೆಯದು 15 ಮೀಟರ್ ದೂರದಲ್ಲಿ ಏಳು ಮೀಟರ್ ಅಗಲವನ್ನಷ್ಟೇ ನೋಡುತ್ತದೆ, ಮುಖ ಸ್ಪಷ್ಟ ಸಿಗುತ್ತದೆ. ಎತ್ತರ ಹತ್ತರಿಂದ ಹನ್ನೊಂದು ಅಡಿ. ಕಂಬದ ತುದಿಗೆ ಕಟ್ಟಿದರೆ ಹೆಲ್ಮೆಟ್ಟು, ನೆತ್ತಿ ಮಾತ್ರ ಕಾಣುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ ಮುತ್ತಿ, ಜೇಡ ಬಲೆ ಕಟ್ಟಿ ಚಿತ್ರವೆಲ್ಲ ಬಿಳಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಕರೆಂಟು, ಚಿತ್ರ ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಪಿಒಇ ಕೇಬಲ್ 100 ಮೀಟರ್ ಮೀರಬಾರದು. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬುತ್ತದೆ. ಆರು ಕ್ಯಾಮೆರಾಗೆ 4 ಟಿಬಿ ಡಿಸ್ಕ್ ಹಾಕಿದರೆ ಮೂವತ್ತು ದಿನ ಉಳಿಯುತ್ತದೆ. ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಎನ್‌ವಿಆರ್‌ಗೆ ಮಾತ್ರ ಯುಪಿಎಸ್ ಕೊಟ್ಟು ಪಿಒಇ ಸ್ವಿಚ್ಚನ್ನು ಮರೆಯುವವರೇ ಹೆಚ್ಚು. ಕರೆಂಟ್ ಹೋದಾಗ ಪೆಟ್ಟಿಗೆ ಓಡುತ್ತಿರುತ್ತದೆ, ಕ್ಯಾಮೆರಾಗಳು ಸತ್ತಿರುತ್ತವೆ.

ಘಟನೆಯಾದ ಕೂಡಲೇ ದೃಶ್ಯವನ್ನು ವಾಟ್ಸಾಪ್‌ಗೆ ಹಾಕಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಂಬಂಧವೇ ಇಲ್ಲದ ದಾರಿಹೋಕನ ಮಾನವನ್ನೂ ತೆಗೆಯುತ್ತದೆ. ಎನ್‌ವಿಆರ್‌ನಿಂದ ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ಇಳಿಸಿ. ಎನ್‌ವಿಆರ್ ಪರದೆಯ ಗಡಿಯಾರ, ಪಕ್ಕದಲ್ಲಿ ಮೊಬೈಲಿನ ಗಡಿಯಾರ, ಎರಡೂ ಬರುವಂತೆ ಒಂದು ಫೋಟೋ ತೆಗೆಯಿರಿ. ಪೆಟ್ಟಿಗೆಯ ಗಡಿಯಾರ ಏಳು ನಿಮಿಷ ಹಿಂದಿದ್ದರೆ ಇಡೀ ತನಿಖೆ ಏಳು ನಿಮಿಷ ತಪ್ಪುತ್ತದೆ. ನ್ಯಾಯಾಲಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಗುರುತು) ಬರೆಯಬೇಕು.

ದೂರಿನ ವಿಷಯದಲ್ಲಿ ಸಂಕೋಚ ಬೇಡ. ಕಿತ್ತುಕೊಂಡ ಫೋನನ್ನು ‘ಕಳೆದುಹೋಗಿದೆ’ ಎಂದು ಬರೆದುಕೊಡಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಳೆದುಹೋದ ವಸ್ತುಗಳಿಗೆ ಪೊಲೀಸರು ಕೊಡುವ ಇ-ಲಾಸ್ಟ್ ಸ್ವೀಕೃತಿ ಎಫ್‌ಐಆರ್ ಅಲ್ಲ, ಹಾಗೆ ಬರೆದ ಕಳವು ಲೆಕ್ಕದಿಂದಲೇ ಮಾಯವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಳ್ಳುವುದಕ್ಕೆ 304, ಮನೆಗಳವಿಗೆ 305ನೇ ಕಲಂ ಇದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

ಊರಿಗೆ ಹೋಗುವವರು ಬೀಟ್ ಪೊಲೀಸರಿಗೆ ತಾರೀಖು ತಿಳಿಸಲಿ. ಗೇಟಿನ ಹೊರಗೆ ನೇತಾಡುವ ದೊಡ್ಡ ಬೀಗ ಮನೆಯಲ್ಲಿ ಯಾರೂ ಇಲ್ಲ ಎಂದು ಸಾರುತ್ತದೆ, ಬಾಗಿಲಿಗೆ ಒಳಬೀಗ ಹಾಕಿಸಿ. ಬೀಗ ಗಟ್ಟಿಯಿದ್ದು ಚಿಲಕವನ್ನು ಅರ್ಧ ಇಂಚಿನ ಸ್ಕ್ರೂನಲ್ಲಿ ಕೂರಿಸಿದ್ದರೆ ರಾಡಿಗೆ ಒಂದೇ ಎಳೆತ. ಬಾಗಿಲಿನ ಆಚೆಗೂ ದಾಟುವ ಬೋಲ್ಟು, ಒಳಗೆ ನಟ್ಟು ಹಾಕಿಸಬೇಕು. ಹಾಲು, ಪೇಪರ್ ನಿಲ್ಲಿಸಿ. ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಡಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ.