ಅಲಿಯಾಸ್‌ಗೆ ಯುಐಡಿ ಬೇಡ, ಸಿಎನ್ ಕೊಡಿ
ಎಲ್‌ಡ್ಯಾಪ್‌ನಲ್ಲಿ (ಬಳಕೆದಾರರ ವಿವರ ಇಡುವ ಡೈರೆಕ್ಟರಿ ವ್ಯವಸ್ಥೆ) ಬಳಕೆದಾರರ ಎಂಟ್ರಿಗೆ ಅಲಿಯಾಸ್ (ಮೂಲ ಎಂಟ್ರಿಯನ್ನು ತೋರಿಸುವ ಇನ್ನೊಂದು ಎಂಟ್ರಿ) ಮಾಡುವಾಗ ಅದರ ಹೆಸರನ್ನು ಯುಐಡಿಯಲ್ಲಿ (ಬಳಕೆದಾರರ ಐಡಿ) ಕೊಡಬೇಡಿ, ಸಿಎನ್‌ನಲ್ಲಿ (ಕಾಮನ್ ನೇಮ್) 'ಸಿಎನ್=ಅಲಿಯಾಸ್-ಕವಿತಾ' ಥರ ಕೊಡಿ. ಲಾಗಿನ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಹುಡುಕುವುದು ಯುಐಡಿ ಹಿಡಿದು. ಡಿರೆಫರೆನ್ಸ್ (ಅಲಿಯಾಸ್ ಹಿಡಿದು ಮೂಲ ಎಂಟ್ರಿಗೆ ಹೋಗುವುದು) ಆಫ್ ಇದ್ದಾಗ ಅಲಿಯಾಸ್ ಕೂಡ ಮಾಮೂಲಿ ಎಂಟ್ರಿಯಂತೆ ಸಿಗುತ್ತದೆ. ಅದರಲ್ಲೂ ಅದೇ ಯುಐಡಿ ಇದ್ದರೆ ಒಬ್ಬರಿಗೇ ಎರಡು ಫಲಿತಾಂಶ ಬಂದು ಲಾಗಿನ್ ಕೈಕೊಡಬಹುದು. ಅಲಿಯಾಸ್ ಕ್ಲಾಸ್ (ಎಂಟ್ರಿಯಲ್ಲಿ ಏನೇನು ಇರಬಹುದೆಂದು ಹೇಳುವ ಮಾದರಿ) ಒಂದರಲ್ಲೇ ಸಿಎನ್‌ಗೆ ಜಾಗವಿಲ್ಲ, ಜೊತೆಗೆ ಎಕ್ಸ್‌ಟೆನ್ಸಿಬಲ್‌ಆಬ್ಜೆಕ್ಟ್‌ನಂಥ ಇನ್ನೊಂದು ಕ್ಲಾಸ್ ಸೇರಿಸಬೇಕು (ಇದನ್ನು ಬಿಟ್ಟರೆ ಸರ್ವರ್ ಸಾಮಾನ್ಯವಾಗಿ ಎಂಟ್ರಿಯನ್ನೇ ಒಪ್ಪುವುದಿಲ್ಲ). ಸಿಎನ್‌ನ ಒಂದು ತುಣುಕು ಕೊಟ್ಟು ಹುಡುಕುವ ಅಡ್ರೆಸ್‌ಬುಕ್‌ಗಳಲ್ಲಿ ಈ ಉಪಾಯ ನಡೆಯದು, ಅಲಿಯಾಸ್‌ನ ಸಿಎನ್‌ನಲ್ಲೂ 'ಕವಿತಾ' ಇದೆಯಲ್ಲ. ಅಲ್ಲಿ ಫಿಲ್ಟರ್‌ನಲ್ಲೇ (ಹುಡುಕಾಟದ ಷರತ್ತು) ಅಲಿಯಾಸ್ ಕ್ಲಾಸನ್ನು ಹೊರಗಿಡಿ. ಮೂಲ ಎಂಟ್ರಿಯ ಹೆಸರು ಬದಲಾದರೆ ಅಲಿಯಾಸ್ ತಾನಾಗಿ ಬದಲಾಗುವುದಿಲ್ಲ. ಡಿರೆಫರೆನ್ಸ್ ಮಾಡುವಾಗ 33ನೇ ನಂಬರಿನ ಎರರ್ ಬಂದರೆ ಅಲಿಯಾಸ್ ಇನ್ನೂ ಹಳೆಯ ಹೆಸರನ್ನೇ ತೋರಿಸುತ್ತಿದೆಯೇ ಎಂದು ಮೊದಲು ನೋಡಿ.