ದುಬಾರಿ ಇಂಜೆಕ್ಷನ್‌ಗೆ ಬಿಲ್ ಹಾಕಿಸುವ ಮೊದಲು

ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರದ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಬಿಲ್ ಹಾಕುವುದು ನನ್ನ ಕೆಲಸ. "ಇದಕ್ಕೆ ಇನ್ಶೂರೆನ್ಸ್ ಬರುತ್ತಾ ಅಣ್ಣಾ?" ಅಂತ ದಿನಾ ಯಾರಾದರೂ ಕೇಳುತ್ತಾರೆ. ಇನ್ಶೂರೆನ್ಸ್ ಕಂಪನಿಯವರು ದುಡ್ಡು ಕೊಡುವುದು ಔಷಧಿಯ ಬೆಲೆ ನೋಡಿ ಅಲ್ಲ. ಆ ಔಷಧಿಯನ್ನು ರೋಗಿಗೆ ಎಲ್ಲಿ, ಹೇಗೆ ಕೊಟ್ಟರು ಅನ್ನುವುದೇ ಮುಖ್ಯ.

ಮನೆಯಲ್ಲಿ ನುಂಗುವ ಬಿಪಿ, ಶುಗರ್ ಮಾತ್ರೆಗೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ. ಅದಕ್ಕೆ ಓಪಿಡಿ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆ) ಸೌಲಭ್ಯ ಬೇರೆ ಇರಬೇಕು. ಅಡ್ಮಿಟ್ ಆಗಿದ್ದರೆ, ಅದೇ ಕಾಯಿಲೆಗೆ ಮುಂಚಿನ 30 ದಿನ, ಡಿಸ್ಚಾರ್ಜ್ ಆದ ಮೇಲಿನ 60 ದಿನದ ಔಷಧಿ ಎಷ್ಟೋ ಪಾಲಿಸಿಗಳಲ್ಲಿ ಸೇರುತ್ತದೆ. ಕ್ಯಾನ್ಸರ್‌ಗೆ ಕಿಮೋ ಹಾಕಿಸಿಕೊಂಡು ಸಂಜೆ ಮನೆಗೆ ಬಂದರೂ ಡೇ ಕೇರ್ (ಒಂದೇ ದಿನದಲ್ಲಿ ಮುಗಿಯುವ ಆಸ್ಪತ್ರೆ ಚಿಕಿತ್ಸೆ) ಲೆಕ್ಕದಲ್ಲಿ ಕ್ಲೇಮ್ ಆಗುತ್ತದೆ. ಕ್ಯಾನ್ಸರ್‌ನ ಕಿಮೋ ಮಾತ್ರೆ, ಮಾನೋಕ್ಲೋನಲ್ ಆಂಟಿಬಾಡಿ (ನಿರ್ದಿಷ್ಟ ಗುರಿಯ ಮೇಲೆ ಕೆಲಸ ಮಾಡುವ ಜೈವಿಕ ಔಷಧಿ) ಇಂಜೆಕ್ಷನ್, ಕಣ್ಣಿನೊಳಗೆ ಹಾಕುವ ಇಂಜೆಕ್ಷನ್, ಇವೆಲ್ಲ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ಹೇಳಿರುವ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿವೆ. ಆದರೆ ಕಂಪನಿ ಮಿತಿ ಹಾಕಬಹುದು. ಪಾಲಿಸಿಯಲ್ಲಿ 'ಸಬ್ ಲಿಮಿಟ್' (ಒಂದೊಂದು ಚಿಕಿತ್ಸೆಗೆ ಇಷ್ಟೇ ಅನ್ನುವ ಮಿತಿ) ಅನ್ನುವ ಸಾಲು ಹುಡುಕಿ. 5 ಲಕ್ಷದ ಪಾಲಿಸಿ ಇದ್ದವರಿಗೂ ಅಲ್ಲಿ ಬಹಳ ಕಡಿಮೆ ಇರಬಹುದು. ಏಜೆಂಟರು ಈ ಪುಟ ತೋರಿಸುವುದು ನಾನಂತೂ ಕಂಡಿಲ್ಲ!

ಮನೆಯಲ್ಲಿ ಯಾರಾದರೂ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಾರ್ಡ್ ಇರುವವರಿದ್ದರೆ ಮೊದಲು ಅಲ್ಲಿ ಕೇಳಿ. ಅಲ್ಲಿ ಅಡ್ಮಿಟ್ ಆಗದೆಯೂ ಔಷಧಿ ಸಿಗುತ್ತದೆ.

ಈಗ ನನ್ನ ಕೌಂಟರ್ ವಿಷಯ. ಮಂಡ್ಯ ಕಡೆಯಿಂದ ಬಂದ ಒಬ್ಬ ಅಜ್ಜಿಯ ಆಧಾರ್‌ನಲ್ಲೂ ಪಾಲಿಸಿಯಲ್ಲೂ 'ನಿಂಗಮ್ಮ', ಚೀಟಿಯಲ್ಲಿ 'ಲಿಂಗಮ್ಮ'. ಡಾಕ್ಟರ್ ಹತ್ತಿರ ಹೋಗಿ ಸರಿ ಮಾಡಿಸಿಕೊಂಡು ಬನ್ನಿ ಅಂತ ಮಗನನ್ನು ವಾಪಸ್ ಕಳಿಸಿದೆ. ಅವರಿಗೆ ಸಿಟ್ಟೇ ಬಂತು. ಆದರೂ ಬಿಲ್ಲಿನಲ್ಲಿ ರೋಗಿಯ ಹೆಸರು ಪಾಲಿಸಿಯಲ್ಲಿ ಇರುವ ಹಾಗೇ ಇರಬೇಕು ಅಲ್ವಾ? ಡಾಕ್ಟರ್ ಹೆಸರು, ಔಷಧಿಯ ಬ್ಯಾಚ್ ನಂಬರ್, ಎಕ್ಸ್‌ಪೈರಿ, ತಾರೀಖು ಎಲ್ಲ ನೋಡಿಕೊಳ್ಳಿ. ರೋಗಿಯ ಹೆಸರಿನ ಜಾಗದಲ್ಲಿ ಸುಮ್ನೆ 'ಕ್ಯಾಶ್' ಅಂತ ಹಾಕಿದ ಬಿಲ್ ತಗೊಂಡು ಹೋಗಬೇಡಿ. ಇಂಜೆಕ್ಷನ್ ಬಾಕ್ಸ್ ಮೇಲಿನ ಲೇಬಲ್ಲನ್ನೂ ಎಸೆಯಬೇಡಿ. ಕೆಲವು ಕಂಪನಿಗಳು ಕೇಳುತ್ತವೆ.

ಮೊದಲೇ ಗೊತ್ತಿರುವ ಚಿಕಿತ್ಸೆ ಆದರೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಮುಂಚಿತವಾಗಿ ಅನುಮತಿ ತರಿಸಿ. ಈ ಔಷಧಿಯೇ ಯಾಕೆ ಬೇಕು ಅಂತ ಡಾಕ್ಟರ್ ಎರಡು ಸಾಲು ಬರೆದುಕೊಟ್ಟರೆ ಒಳ್ಳೆಯದು. ಬಯೋಸಿಮಿಲರ್ (ಮೂಲ ಜೈವಿಕ ಔಷಧಿಗೆ ತೀರಾ ಹತ್ತಿರದ, ಬೇರೆ ಕಂಪನಿ ತಯಾರಿಸಿದ ಔಷಧಿ) ಇದೆಯಾ ಅಂತಲೂ ಅವರನ್ನೇ ಕೇಳಿ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್‌ಗೆ ಇದೆ, ಬೆಲೆಯೂ ಕಡಿಮೆ.

ಕ್ಲೇಮ್ ತಿರಸ್ಕರಿಸಿದರೆ ಫೋನಿನಲ್ಲಿ ಜಗಳ ಬೇಡ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಬರೆಯಿರಿ. ಫೀಸ್ ಇಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದ, ಅಥವಾ ಉತ್ತರ ಬರದೆ ಆ ತಿಂಗಳು ಮುಗಿದ, ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ.