ಬಾಟಲಿ ಖಾಲಿಯಾದರೆ ಗಂಟೆ: ಆಸ್ಪತ್ರೆ ಸಾಧನ ಮಾಡುವವರಿಗೆ ಪೇಟೆಂಟ್ ದಾರಿ

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಕ್ಕೆ ತಿರುಗಿದರೆ ನನ್ನ ಅಂಗಡಿ. ಬಿಪಿ ಮಿಷನ್, ನೆಬುಲೈಜರ್, ಸಕ್ಷನ್ ಮಿಷನ್, ಆಟೋಕ್ಲೇವ್, ಆಸ್ಪತ್ರೆಯದು ಏನೇ ಕೆಟ್ಟರೂ ರಿಪೇರಿ ಮಾಡುತ್ತೇನೆ. ಓದಿದ್ದು ಐಟಿಐ. ನಾವು ಮಾಡಿದ ಹೊಸದನ್ನು ಬೇರೆಯವರು ಮಾಡದಂತೆ ತಡೆಯುವ ಹಕ್ಕು, ಅಂದರೆ ಪೇಟೆಂಟ್, ದೊಡ್ಡ ಕಂಪನಿಗಳ ವಕೀಲರ ಕೆಲಸ ಅಂತ ಬಹಳ ದಿನ ಅಂದುಕೊಂಡಿದ್ದೆ. ಈಗ ನನ್ನದೂ ಒಂದು ಅರ್ಜಿ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿದೆ. ಅದಕ್ಕೂ ಮುಂಚೆ ಇನ್ನೊಂದನ್ನು ಕೈಯಾರೆ ಕಳೆದುಕೊಂಡೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಈ ದಾರಿಯಲ್ಲಿ ಜನ ಎಡವುವುದು ಕೆಲಸ ಗೊತ್ತಿಲ್ಲದೆ ಅಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಿಲ್ಲದೆ.

2021ರ ಕೋವಿಡ್ ಎರಡನೇ ಅಲೆ. ರಾಂಪ್ ಇಲ್ಲದ ಹಳೇ ಕಟ್ಟಡಗಳಲ್ಲಿ ಜಂಬೋ ಆಕ್ಸಿಜನ್ ಸಿಲಿಂಡರನ್ನು ಮೂರು ಜನ ಹೊತ್ತು ಮೆಟ್ಟಿಲು ಹತ್ತುವುದನ್ನು ದಿನಾ ನೋಡುತ್ತಿದ್ದೆ. ಒಬ್ಬನೇ ಎಳೆದು ಹತ್ತಿಸುವ ಒಂದು ಗಾಡಿ ಮಾಡಿದೆ. ಚಕ್ರದ ಹಿಂದೆ ಕೊಕ್ಕೆ, ಕೈಬಿಟ್ಟರೂ ಗಾಡಿ ಹಿಂದಕ್ಕೆ ಜಾರುತ್ತಿರಲಿಲ್ಲ. ಖುಷಿಯಲ್ಲಿ ವೀಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದೆ. ಒಂದು ಕಾಲೇಜಿನ ವಸ್ತುಪ್ರದರ್ಶನದಲ್ಲೂ ಇಟ್ಟೆ. ಸರ್ಟಿಫಿಕೇಟ್ ಕೊಟ್ಟು ಶಾಲು ಹೊದಿಸಿದರು. ಒಂದೂವರೆ ವರ್ಷ ಬಿಟ್ಟು, ಅರ್ಜಿ ಬರೆದು ಸಲ್ಲಿಸಿಕೊಡುವ ಪೇಟೆಂಟ್ ಏಜೆಂಟ್ ಒಬ್ಬರ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ, "ಎಲ್ಲಾದರೂ ತೋರಿಸಿದ್ದೀರಾ?" ಹೆಮ್ಮೆಯಿಂದ ವೀಡಿಯೊ ತೋರಿಸಿದೆ. ಅವರು ಪೂರ್ತಿ ನೋಡಿ, ಫೋನ್ ವಾಪಸ್ ಕೊಟ್ಟು, ಕಾಫಿ ತರಿಸಿದರು.

ಪೇಟೆಂಟ್ ಸಿಗುವುದು ಹೊಸದಕ್ಕೆ. ಅರ್ಜಿ ಹಾಕುವ ದಿನಕ್ಕೆ ಅದು ಜಗತ್ತಿನಲ್ಲಿ ಎಲ್ಲೂ ಹೊರಗೆ ಬಿದ್ದಿರಬಾರದು. ನೀವೇ ಹೊರಗೆ ಬಿಟ್ಟಿದ್ದರೂ ಅದು ಹಳೆಯದೇ. ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ 12 ತಿಂಗಳ ರಿಯಾಯಿತಿ ಇದೆ, ನಿಜ. ಆದರೆ ಅದು ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನ, ವಿದ್ವಾಂಸರ ಸಂಘದ ಮುಂದೆ ಓದಿದ ಪ್ರಬಂಧ, ಇಂಥ ಕೆಲವಕ್ಕೆ ಮಾತ್ರ. ಕಾಲೇಜು ಪ್ರದರ್ಶನ, ಯೂಟ್ಯೂಬ್ ಇದರಲ್ಲಿ ಬರುವುದಿಲ್ಲ.

ಎರಡನೆಯ ಸಾಧನ ಹುಟ್ಟಿದ್ದು ಸಕಲೇಶಪುರದ ಕಡೆ. ಮಳೆಗಾಲ, ಕರೆಂಟ್ ಹೋಗಿತ್ತು, ರಾತ್ರಿ ಡ್ಯೂಟಿಗೆ ಒಬ್ಬರೇ ಸಿಸ್ಟರ್. ಗ್ಲೂಕೋಸ್ ಬಾಟಲಿ ಖಾಲಿಯಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಜೊತೆಗಿದ್ದವರು ನಿದ್ದೆ ಹೋಗಿದ್ದರು. ರಕ್ತ ಟ್ಯೂಬಿಗೆ ವಾಪಸ್ ಬಂದು ಹೆಪ್ಪುಗಟ್ಟಿ, ಆ ಅಜ್ಜಿಗೆ ಇನ್ನೊಂದು ಕೈಗೆ ಚುಚ್ಚಬೇಕಾಯಿತು. ಮಾರನೇ ದಿನ ನಾನು ಸಕ್ಷನ್ ಮಿಷನ್ ನೋಡಲು ಹೋದಾಗ ಸಿಸ್ಟರ್ ಹೇಳಿದರು: "ಅಣ್ಣಾ, ಕರೆಂಟು ಬ್ಯಾಟರಿ ಏನೂ ಇಲ್ಲದೆ ಕೂಗೋ ಥರ ಒಂದು ಮಾಡಿಕೊಡಿ. ಕೂಗೋಕೆ ಮುಂಚೆ ಟ್ಯೂಬ್ ಹಿಡ್ಕೊಂಡರೆ ಇನ್ನೂ ಒಳ್ಳೇದು."

ನಾನು ಮಾಡಿದ್ದು ಸ್ಪ್ರಿಂಗಿನ ಕೊಕ್ಕೆ. ಬಾಟಲಿ ಅದಕ್ಕೆ ನೇತಾಡುತ್ತದೆ. ನೀರು ಇಳಿದ ಹಾಗೆ ತೂಕ ಕಡಿಮೆಯಾಗಿ ಕೊಕ್ಕೆ ಮೇಲೇರುತ್ತದೆ. ಕೊನೆಗೆ ಸ್ವಲ್ಪ ಉಳಿದಾಗ ಒಂದು ಹಲ್ಲು ಟ್ಯೂಬನ್ನು ಅಮುಕುತ್ತದೆ, ಆಮೇಲೆ ಗಂಟೆ ಬಡಿಯುತ್ತದೆ. ಪಕ್ಕದ ತಿರುಪಿನಲ್ಲಿ ಬಾಟಲಿ ಯಾವ ಅಳತೆಯದು ಅಂತ ಮೊದಲೇ ಹೊಂದಿಸಬಹುದು.

ಈ ಸಲ ಅಂಗಡಿಯ ಬಾಗಿಲು ಹಾಕಿಕೊಂಡೇ ಕೆಲಸ ಮಾಡಿದೆ. ಲೇತ್ ಶಾಪಿನವನಿಗೆ ಮೂರು ಭಾಗಗಳನ್ನು ಬೇರೆ ಬೇರೆ ದಿನ ಕೊಟ್ಟೆ. ಗುಟ್ಟು ಹೊರಗೆ ಬಿಡುವುದಿಲ್ಲ ಅನ್ನುವ ಒಂದು ಪುಟದ ಕರಾರಿಗೆ ಸಹಿಯನ್ನೂ ಹಾಕಿಸಿಕೊಂಡೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಪರವಾಗಿಲ್ಲ. ಒಂದು ಪುಸ್ತಕ ಇಟ್ಟು ದಿನಾಂಕ ಹಾಕಿ ಚಿತ್ರ ಬರೆಯುತ್ತಾ ಹೋದೆ. ಪುಸ್ತಕ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಮೊದಲು ಅರ್ಜಿ ಹಾಕಿದ ದಿನ. ಆದರೆ ಯಾವ ಐಡಿಯಾ ಯಾರದು ಅಂತ ನೆನಪಿಡಲು ಪುಸ್ತಕ ಬೇಕೇ ಬೇಕು. ನನ್ನ ಪುಸ್ತಕದ ಮೊದಲ ಪುಟದಲ್ಲಿ ಸಿಸ್ಟರ್ ಹೇಳಿದ ಮಾತೇ ಇದೆ. ಟ್ಯೂಬ್ ಮೊದಲು, ಗಂಟೆ ಆಮೇಲೆ ಅನ್ನುವುದು ಅವರ ತಲೆಯಿಂದ ಬಂದದ್ದು. ಹಾಗಾಗಿ ಅರ್ಜಿಯಲ್ಲಿ ಅವರೂ ಸಂಶೋಧಕರು, ಅವರೂ ಅರ್ಜಿದಾರರು.

ಹುಡುಕುವ ಕೆಲಸ

ಅರ್ಜಿಗೆ ಮುಂಚೆ, ಇಂಥದ್ದು ಆಗಲೇ ಇದೆಯಾ ಅಂತ ಹುಡುಕಿ. ಗೂಗಲ್ ಪೇಟೆಂಟ್ಸ್, ಯುರೋಪಿನವರ ಎಸ್ಪಾಸ್‌ನೆಟ್, ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್, ಮೂರೂ ಪೇಟೆಂಟ್ ಹುಡುಕುವ ವೆಬ್‌ಸೈಟುಗಳು, ಮೂರಕ್ಕೂ ದುಡ್ಡಿಲ್ಲ. ನಾನು ಮೊದಲ ರಾತ್ರಿ ಇಂಗ್ಲಿಷಿನಲ್ಲಿ "ಡ್ರಿಪ್ ಅಲಾರಂ" ಅಂತ ಹಾಕಿದೆ. ಸಾಲುಗಟ್ಟಿ ಬಂದವು. ಎದೆ ಧಸಕ್ ಅಂತು. ಸ್ಪ್ರಿಂಗ್ ಇರುವುದು, ಸೆನ್ಸರ್ ಇರುವುದು, ಬ್ಲೂಟೂತ್ ಇರುವುದು, ಎಲ್ಲಾ ಇದ್ದವು. ಮಡಚಿಟ್ಟು ಮಲಗೋಣ ಅನ್ನಿಸಿತು. ಹೊಸದಾಗಿ ಹುಡುಕುವ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಆಮೇಲೆ ತಿಳಿಯಿತು.

ಪದ ಹಾಕಿ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ನಾವು ಡ್ರಿಪ್ ಅನ್ನುವುದನ್ನು ಒಬ್ಬರು ಇನ್‌ಫ್ಯೂಷನ್ ಅಂತಾರೆ, ಇನ್ನೊಬ್ಬರು ಇಂಟ್ರಾವೀನಸ್ ಅಂತಾರೆ. ಅದಕ್ಕೇ ಪೇಟೆಂಟುಗಳಿಗೆ ಜಗತ್ತಿಗೆಲ್ಲ ಒಂದೇ ವರ್ಗಸಂಖ್ಯೆ ಇದೆ. ದೇಹದೊಳಗೆ ದ್ರವ ಕಳಿಸುವ ಸಾಧನಗಳು ಎ61ಎಂ ವರ್ಗದಲ್ಲಿ ಬರುತ್ತವೆ, ಡ್ರಿಪ್ ಅದರೊಳಗೆ ಎ61ಎಂ 5ರಲ್ಲಿ. ರೋಗ ಪತ್ತೆ ಮಾಡುವ ಉಪಕರಣಗಳು ಎ61ಬಿ. ಆರೋಗ್ಯದ ಸಾಫ್ಟ್‌ವೇರ್ ಜಿ16ಎಚ್. ಹತ್ತಿರದ ಒಂದು ಪೇಟೆಂಟ್ ಸಿಕ್ಕರೆ ಅದರ ಮೇಲೆ ಬರೆದ ಸಂಖ್ಯೆಯನ್ನು ಹಿಡಿದು ಹೋಗಿ. ಅದು ಹೆಸರಿಸಿದ ಹಳೆಯ ಪೇಟೆಂಟುಗಳನ್ನೂ ಬಿಚ್ಚಿ ನೋಡಿ.

ನಾನು 3 ವಾರ ರಾತ್ರಿ ಊಟ ಆದ ಮೇಲೆ ಇದೇ ಕೆಲಸ ಮಾಡಿದೆ. ಚಿತ್ರಗಳನ್ನು ನೋಡಿದರೆ ನಮ್ಮಂಥ ರಿಪೇರಿಯವರಿಗೆ ಬೇಗ ಅರ್ಥವಾಗುತ್ತದೆ. ಕೊನೆಗೆ ಕೊಕ್ಕೆಯೂ ಸ್ಪ್ರಿಂಗೂ ಗಂಟೆಯೂ ಹಳೆಯದೇ ಅಂತ ಒಪ್ಪಿಕೊಂಡೆ. ನನಗೆ ಎಲ್ಲೂ ಕಾಣದೇ ಇದ್ದದ್ದು, ಅಮುಕುವ ಹಲ್ಲಿಗೂ ಗಂಟೆಗೂ ಒಂದೇ ತಿರುಪು ಜೋಡಿಸಿ, ಬಾಟಲಿಯ ಅಳತೆ ಬದಲಿಸಿದರೂ ಮೊದಲು ಹಲ್ಲು ಆಮೇಲೆ ಗಂಟೆ ಅನ್ನುವ ಕ್ರಮ ತಪ್ಪದಂತೆ ಮಾಡಿದ್ದು. ಅಷ್ಟೇ ನನ್ನದು. ಹುಡುಕಾಟ ಮುಗಿದಾಗ ನಿಮ್ಮದು ಸಣ್ಣದಾಗಿ ಕಂಡರೆ ನೀವು ಸರಿಯಾಗಿ ಹುಡುಕಿದ್ದೀರಿ ಅಂತ ಅರ್ಥ.

ಕ್ಲೇಮು ಬರೆಯುವಾಗ ಇದು ಕೆಲಸಕ್ಕೆ ಬಂತು. ಅರ್ಜಿಯಲ್ಲಿ ಹಕ್ಕು ಕೇಳುವ ವಾಕ್ಯಗಳೇ ಕ್ಲೇಮು. ನಾನು ಮೊದಲು ಬರೆದದ್ದು: ಬಾಟಲಿ ಖಾಲಿಯಾದಾಗ ಶಬ್ದ ಮಾಡುವ ಸಾಧನ. ಏಜೆಂಟ್ ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಅಷ್ಟು ಅಗಲ ಕೇಳಿದರೆ ಹಳೆಯದೆಲ್ಲ ಅದರಡಿ ಬರುತ್ತದೆ. ಹಾಗಂತ "ಸೈಕಲ್ ಗಂಟೆ", "ಸ್ಟೀಲ್ ತಿರುಪು" ಅಂತ ಬರೆದರೂ ಕೆಟ್ಟಿತು. ಪಕ್ಕದೂರಿನವನು ಹಿತ್ತಾಳೆ ತಿರುಪು ಹಾಕಿ ಮಾರುತ್ತಾನೆ. ನನ್ನ ಕ್ಲೇಮಿನಲ್ಲಿ ಗಂಟೆಯನ್ನು "ಶಬ್ದ ಮಾಡುವ ಭಾಗ" ಅಂತಷ್ಟೇ ಬರೆದೆವು. ಮೊದಲ ಕ್ಲೇಮಿನಲ್ಲಿ ಆ ಒಂದೇ ತಿರುಪಿನ ಜೋಡಣೆ, ಕೆಳಗಿನವುಗಳಲ್ಲಿ ಒಂದೊಂದೇ ವಿವರ. ಗೊತ್ತಿರುವ ಸಾಮಾನುಗಳನ್ನು ಸುಮ್ನೆ ಪಕ್ಕ ಪಕ್ಕ ಜೋಡಿಸಿ, ಒಂದೊಂದೂ ತನ್ನ ಪಾಡಿಗೆ ಕೆಲಸ ಮಾಡುವಂತಿದ್ದರೆ ಪೇಟೆಂಟ್ ಕಾಯ್ದೆಯ 3(ಎಫ್) ಸೆಕ್ಷನ್ ಅಡ್ಡ ಬರುತ್ತದೆ. ಜೋಡಿಸಿದ್ದರಿಂದ ಏನು ಹೊಸದಾಗಿ ಆಯಿತು ಅಂತ ಬರೆದು ತೋರಿಸಬೇಕು. ಇನ್ನೊಂದು, ಚಿಕಿತ್ಸೆ ಮಾಡುವ ಅಥವಾ ರೋಗ ಪತ್ತೆ ಹಚ್ಚುವ ವಿಧಾನಕ್ಕೆ 3(ಐ) ಪ್ರಕಾರ ಪೇಟೆಂಟ್ ಇಲ್ಲ. ಸಾಧನಕ್ಕೆ ಉಂಟು.

ಅಕ್ಕನ ಮಗನ ಸಾಫ್ಟ್‌ವೇರ್

ಕೊಕ್ಕೆ ಸರಿಯಾಗಿ ಕೆಲಸ ಮಾಡುತ್ತದೆಯೇ ಅಂತ ನೋಡಲು ರೋಗಿಯ ಹತ್ತಿರ ಹೋಗಲಿಲ್ಲ, ಹೋಗಲೂಬಾರದು. ಅಂಗಡಿಯಲ್ಲಿ ಬಕೆಟ್ ಇಟ್ಟು ಬಾಟಲಿ ಹರಿಸಿದೆ. ಸಾಮಾನ್ಯ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಎಂಎಲ್. 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ವಾಚ್ ಹಿಡಿದು ಎಣಿಸಿ ಎಣಿಸಿ ಕಣ್ಣು ಉರಿ ಬಂತು. ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ನೋಡಿ ನಕ್ಕ. "ಮಾವ, ಫೋನ್ ಇಡಿ" ಅಂದವನು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದ. ಬಾಟಲಿಯ ಕೆಳಗೆ ಹನಿ ಬೀಳುವುದು ಕಾಣುವ ಡ್ರಿಪ್ ಚೇಂಬರಿನ ವೀಡಿಯೊ ಕೊಟ್ಟರೆ ಅದು ಹನಿ ಎಣಿಸಿ ಪಟ್ಟಿ ಮಾಡಿಕೊಡುತ್ತದೆ. ಸಂಶೋಧನೆ ಮಾಡುವವರಿಗೆ ಇದು ಬಹಳ ಉಪಯೋಗ ಆಗುವಂಥದ್ದು. ಇದಕ್ಕೂ ಪೇಟೆಂಟ್ ಮಾಡಿಸೋಣ ಅಂತ ಕುಣಿದ.

ಆಗುವುದಿಲ್ಲ. 3(ಕೆ) ಸೆಕ್ಷನ್ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂ, ಲೆಕ್ಕದ ವಿಧಾನ, ಆಲ್ಗಾರಿದಂಗೆ (ಹಂತ ಹಂತವಾಗಿ ಲೆಕ್ಕ ಬಿಡಿಸುವ ಕ್ರಮಕ್ಕೆ) ನಮ್ಮಲ್ಲಿ ಪೇಟೆಂಟ್ ಇಲ್ಲ. ಸಾಫ್ಟ್‌ವೇರಿನಿಂದ ಯಂತ್ರದಲ್ಲೇ ಒಂದು ತಾಂತ್ರಿಕ ಪರಿಣಾಮ ಆಗುವಂತಿದ್ದರೆ ಬಾಗಿಲು ಮುಚ್ಚಿಲ್ಲ. 2019ರಲ್ಲಿ ಫೆರಿದ್ ಅಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಇದನ್ನೇ. ಹನಿ ಎಣಿಸಿ ಪಟ್ಟಿ ಮಾಡುವುದಕ್ಕೆ ಅದು ಅನ್ವಯಿಸುವುದಿಲ್ಲ.

ಪ್ರೋಗ್ರಾಂಗೆ ಬೇಕಾದ್ದು ಕಾಪಿರೈಟ್. ಬರೆದ ಕ್ಷಣದಿಂದಲೇ ಅದು ಇರುತ್ತದೆ, ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ. ಬೇಕಿದ್ದರೆ ಆನ್‌ಲೈನ್‌ನಲ್ಲಿ ಮಾಡಿಸಬಹುದು, ಜೊತೆಗೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಸಾಲುಗಳನ್ನು ಕೊಡಬೇಕು. ಅರ್ಜಿಯ ನಂತರ ಯಾರದ್ದಾದರೂ ಆಕ್ಷೇಪ ಬರುತ್ತದೋ ಅಂತ 30 ದಿನ ಕಾಯುತ್ತಾರೆ. ಅಕ್ಕನ ಮಗ ಅದನ್ನು ಎಲ್ಲರಿಗೂ ಬಿಟ್ಟುಕೊಡಬೇಕು ಅಂದ. ಚಿತ್ರ, ವೀಡಿಯೊ ಓದಲು ಅವನು ಬಳಸಿದ ಓಪನ್‌ಸಿವಿ ಅನ್ನುವ ಸಿದ್ಧ ಕೋಡ್ ಅಪಾಚೆ ಲೈಸೆನ್ಸಿನದು, ಸೇರಿಸಿ ಹಂಚಲು ಅದು ಬಿಡುತ್ತದೆ, ಹಾಗಾಗಿ ತೊಂದರೆ ಇರಲಿಲ್ಲ. ಒಳಗೆ ಜಿಪಿಎಲ್ ಅನ್ನುವ ಇನ್ನೊಂದು ಲೈಸೆನ್ಸಿನ ಕೋಡ್ ಸೇರಿಸಿ ಹಂಚಿದರೆ ನಿಮ್ಮದನ್ನೂ ಜಿಪಿಎಲ್‌ನಲ್ಲೇ ಕೊಡಬೇಕಾಗುತ್ತದೆ. ಮೊದಲೇ ನೋಡಿಕೊಳ್ಳಿ. ಸಂಶೋಧನೆಯ ಕೋಡ್, ಮಾಹಿತಿ ಇಡುವ ಜೆನೊಡೊ ವೆಬ್‌ಸೈಟಿನಲ್ಲಿ ಹಾಕಿದರೆ ಡಿಓಐ ಅನ್ನುವ ಕಾಯಂ ಗುರುತಿನ ಸಂಖ್ಯೆ ಸಿಗುತ್ತದೆ, ಬೇರೆಯವರು ಪ್ರಬಂಧದಲ್ಲಿ ಹೆಸರಿಸಬಹುದು. ಅವನು ಕಾಲೇಜಿನ ಲ್ಯಾಬ್ ಬಳಸಿದ್ದರಿಂದ ಮೊದಲು ಕಾಲೇಜಿನಿಂದ ಒಪ್ಪಿಗೆ ಪತ್ರ ತರಿಸಿದೆ.

ಇಲ್ಲೂ ಕ್ರಮ ತಪ್ಪುವುದರಲ್ಲಿತ್ತು. ಕೋಡಿನ ಜೊತೆ ಅವನು ಹಾಕಲು ಹೊರಟಿದ್ದ ವೀಡಿಯೊದಲ್ಲಿ ನನ್ನ ಕೊಕ್ಕೆ ನೇತಾಡುತ್ತಿತ್ತು! ಎರಡನೇ ಸಲವೂ ಯೂಟ್ಯೂಬಿನ ಕಥೆಯೇ ಆಗುತ್ತಿತ್ತು. ಅರ್ಜಿ ಸಲ್ಲಿಸುವ ತನಕ ಅವನ ಲ್ಯಾಪ್‌ಟಾಪ್ ನನ್ನ ಬೀರುವಿನಲ್ಲಿತ್ತು ಅಂದರೆ ನಂಬಿ.

ಅರ್ಜಿ ಮತ್ತು ದುಡ್ಡು

ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಬರೆಯಬೇಕಾದ್ದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡಕ್ಕೆ ಜಾಗ ಇಲ್ಲ, ಅದೊಂದು ಸಂಕಟ. ಸಾಧನ ಪೂರ್ತಿ ಆಗಿಲ್ಲದಿದ್ದರೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ. ಅದಕ್ಕೆ ಕ್ಲೇಮು ಬೇಡ. ದಿನಾಂಕ ನಿಮ್ಮದಾಗುತ್ತದೆ. 12 ತಿಂಗಳೊಳಗೆ ಪೂರ್ಣ ವಿವರ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಬೇರೆ ದೇಶದಲ್ಲೂ ಬೇಕೆಂದರೆ ಅದಕ್ಕೂ ಇದೇ 12 ತಿಂಗಳು. ನನಗೆ ಬೇಡವಾಗಿತ್ತು, ಖರ್ಚು ತಡೆಯುವುದಿಲ್ಲ. ಒಂದು ಎಚ್ಚರ: ಪ್ರೊವಿಷನಲ್‌ನಲ್ಲಿ ಬರೆಯದೇ ಇದ್ದದ್ದಕ್ಕೆ ಆ ದಿನಾಂಕ ಸಿಗುವುದಿಲ್ಲ. ಎರಡು ಪುಟ ಗೀಚಿ ಹಾಕಬೇಡಿ.

ವ್ಯಕ್ತಿಯಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ 1,600 ರೂಪಾಯಿ, 30 ಪುಟ 10 ಕ್ಲೇಮಿನವರೆಗೆ. ಅದಕ್ಕೆ ಡಿಜಿಟಲ್ ಸಹಿ ಬೇಕು. ಅರ್ಜಿಯನ್ನು ಪರೀಕ್ಷೆ ಮಾಡಿ ಅಂತ ಪೇಟೆಂಟ್ ಕಚೇರಿಯನ್ನು ಬೇರೆಯಾಗಿ ಫಾರಂ 18ರಲ್ಲಿ ಕೇಳಬೇಕು, 4,000 ರೂಪಾಯಿ. ಅರ್ಜಿ ಹಾಕಿದ ಮೇಲೆ ತಾನಾಗೇ ನೋಡುತ್ತಾರೆ ಅಂತ ಕಾದು ಕೂತು ಕಳೆದುಕೊಂಡವರಿದ್ದಾರೆ. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ, ಇದಕ್ಕಿದ್ದ 48 ತಿಂಗಳ ಗಡುವು 31 ತಿಂಗಳಿಗೆ ಇಳಿದಿದೆ. ಅರ್ಜಿದಾರರೆಲ್ಲ ವ್ಯಕ್ತಿಗಳಾಗಿದ್ದು ಅವರಲ್ಲಿ ಒಬ್ಬ ಮಹಿಳೆ ಇದ್ದರೆ ಫಾರಂ 18ಎ ಹಾಕಿ ಬೇಗ ಪರೀಕ್ಷೆ ಮಾಡಿಸಬಹುದು, 8,000 ರೂಪಾಯಿ. ನಮಗೆ ಸಿಸ್ಟರ್ ಇದ್ದದ್ದರಿಂದ ಇದು ಸಿಕ್ಕಿತು. ಇದಕ್ಕೋಸ್ಕರ ಸುಮ್ನೆ ಮನೆಯವರ ಹೆಸರು ಸೇರಿಸುವ ಆಟ ಬೇಡ.

ಏಜೆಂಟ್ ಫೀಸು ಬೇರೆ. ಕ್ಲೇಮು ಬರೆಯಲು ಮಾತ್ರವಾದರೂ ಏಜೆಂಟ್ ಹಿಡಿಯಿರಿ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ, ಮೊದಲು ಅಲ್ಲಿ ಕೇಳಿ ನೋಡಿ.

ಪರೀಕ್ಷಕರ ಮೊದಲ ವರದಿ ಬಂದಾಗ ಹೆದರಬೇಡಿ. ಆಕ್ಷೇಪ ಇಲ್ಲದ ವರದಿ ಅಪರೂಪ. ಉತ್ತರಕ್ಕೆ 6 ತಿಂಗಳಿದೆ, ಫೀಸು ಕಟ್ಟಿದರೆ ಇನ್ನೂ 3. ನಮಗೆ ಬಂದದ್ದರಲ್ಲಿ ಎರಡು ಹಳೆಯ ವಿದೇಶಿ ಪೇಟೆಂಟ್ ಹೆಸರಿಸಿದ್ದರು. ಎರಡನ್ನೂ ನಾನು ಆ 3 ವಾರದಲ್ಲೇ ನೋಡಿ ಪುಸ್ತಕದಲ್ಲಿ ವ್ಯತ್ಯಾಸ ಬರೆದಿಟ್ಟಿದ್ದೆ.

ಪೇಟೆಂಟ್ ಬಂದರೂ ನಾಳೆಯೇ ಮಾರುವಂತಿಲ್ಲ. ಬೇರೆಯವರು ಮಾಡದಂತೆ ತಡೆಯುವ ಹಕ್ಕು ಅದು, 20 ವರ್ಷದ್ದು. ಮಾರಲು 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಪರವಾನಗಿ ಬೇಕು. ಅಪಾಯ ಎಷ್ಟು ಅನ್ನುವುದರ ಮೇಲೆ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಮೊದಲೆರಡಕ್ಕೆ ರಾಜ್ಯ ಮಟ್ಟದಲ್ಲಿ, ಉಳಿದವಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಓದಲ್ಲಿ. ರೋಗಿಯ ಮೇಲೆ ಪರೀಕ್ಷಿಸಲು, ರೋಗಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. 2020ರಿಂದ ಸಾಫ್ಟ್‌ವೇರ್ ಕೂಡ ಸಾಧನವೇ. ಅಕ್ಕನ ಮಗನ ಪ್ರೋಗ್ರಾಂ ಲ್ಯಾಬಿನಲ್ಲಿ ಎಣಿಸುವ ತನಕ ಸರಿ, ವಾರ್ಡಿನಲ್ಲಿ ರೋಗಿಯ ಡ್ರಿಪ್ ಕಾಯಲು ಕೂರಿಸಿದರೆ ಅದಕ್ಕೂ ಈ ನಿಯಮ ಬರುತ್ತದೆ.

ಮೊನ್ನೆ ಸಿಸ್ಟರ್ ಅಂಗಡಿಗೆ ಬಂದು ಹೊಸ ಮಾದರಿಯ ಗಂಟೆ ಬಡಿಸಿ ನೋಡಿದರು. "ಅಣ್ಣಾ, ಇದು ಐಸ್‌ಕ್ಯಾಂಡಿ ಗಾಡಿ ಬಂದ ಹಾಗಿದೆ. ವಾರ್ಡಿನ ಮಕ್ಕಳೆಲ್ಲ ಎದ್ದು ಕೂತ್ಕೋತಾರೆ" ಅಂದರು. ನಾನು ಎದ್ದು ಅರ್ಜಿಯ ಪ್ರತಿ ತೆಗೆದು ನೋಡಿದೆ. "ಶಬ್ದ ಮಾಡುವ ಭಾಗ" ಅಂತಿದೆ. ಈಗ ಒಂದು ಸೀಟಿ ಹುಡುಕುತ್ತಿದ್ದೇನೆ.